ಚಾರ್ವಿಯ ರಿಲೀವರ್ ಬಂದಿಲ್ಲ

ಸೋಮವಾರ, ಬೆಳಗ್ಗೆ ಆರು ಗಂಟೆ. ಸ್ಥಳ, ಶಿವಮೊಗ್ಗದ ಗೋಪಾಳದಲ್ಲಿರುವ ಮಗನ ಮನೆ. ಹಾಜರಿದ್ದವರು: ನಾನು, ಆಕಳಿಸುತ್ತಿದ್ದ ನನ್ನ ಯಜಮಾನರು, ಯೂನಿಫಾರಂ ತೊಟ್ಟು ಸಿದ್ಧಳಾಗಿದ್ದ ಮೊಮ್ಮಗಳು ಚಾರ್ವಿ. ಶಾಲೆ ಇದ್ದದ್ದು ಒಂಬತ್ತಕ್ಕೆ. ಆದರೇನು? ಶಿಸ್ತು ಎಂದರೆ ಶಿಸ್ತು!

ಅಂದು ಅವಳಿಗೆ ಎಲ್‌ಕೆಜಿಯ ಮೊದಲ ದಿನ. ಸೊಸೆಗೂ ಹೊಸ ಕೆಲಸದ ಮೊದಲ ದಿನ. "ಅತ್ತೆ, ಇವಳು ಅತ್ತು ರಂಪ ಮಾಡಿದ್ರೆ ನಾನು ಕೆಲಸ ಬಿಡ್ತೀನಿ ಅಷ್ಟೆ" ಎಂದಿದ್ದಳು. ಬಿಡುವುದೇಕೆ? ನಾನಿಲ್ಲವೇ? ಭದ್ರಾವತಿಯಲ್ಲಿ ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಶಿಫ್ಟ್ ಮಾಡಿ ನಿವೃತ್ತಳಾದವಳು ನಾನು. ಅಲ್ಲಿ ಒಂದೇ ನಿಯಮ: ಮುಂದಿನ ಶಿಫ್ಟಿನವರು, ಅಂದರೆ ರಿಲೀವರ್, ಬಂದು "ಚಾರ್ಜ್ ತಗೊಂಡೆ" ಎನ್ನುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ.

ಬೇಸಿಗೆಯಲ್ಲಿ ಚಾರ್ವಿಯನ್ನು ಭದ್ರಾವತಿಗೆ ಕರೆಸಿಕೊಂಡು ಇದೇ ತರಬೇತಿ ಕೊಟ್ಟೆ. ರಿಲೀವರ್ ಪಾತ್ರ ಯಜಮಾನರದು.

"ಮಗೂನ ಶಾಲೆಗೆ ಸೇರಿಸ್ತಿದೀಯೋ, ಕಾರ್ಖಾನೆಗೋ ಮಾರಾಯ್ತಿ?" ಎಂದು ಗೊಣಗಿದರು.

ಶಾಲೆಯಲ್ಲಿ ಅದೇನು ಗಲಾಟೆ! ಒಳಗೆ ಮಕ್ಕಳ ಗೋಳಾಟ, ಕಿಟಕಿಗೆ ಜೋತುಬಿದ್ದ ಅಪ್ಪ ಅಮ್ಮಂದಿರ ಬೈ ಬೈ. ಇದೇನು ಶಾಲೆಯೋ, ಬಸ್ ಸ್ಟ್ಯಾಂಡೋ? ನಮ್ಮ ಚಾರ್ವಿ ಮಾತ್ರ ಕಲ್ಲಿನ ಹಾಗೆ ಕುಳಿತಳು. ನಾನು ಎಲ್ಲರನ್ನೂ ಒಮ್ಮೆ ದುರುಗುಟ್ಟಿ ನೋಡಿ ಹೊರಬಂದೆ.

ಮಧ್ಯಾಹ್ನ ಗಂಟೆ ಹೊಡೆಯಿತು. ಎಲ್ಲ ಮಕ್ಕಳೂ ಬಂದರು. ಚಾರ್ವಿ ಇಲ್ಲ! ಮಿಸ್ ಗೇಟಿಗೆ ಓಡಿಬಂದರು.

"ಅಜ್ಜಿ, ನಿಮ್ಮ ಮಗು ಏಳ್ತಾನೇ ಇಲ್ಲ. ರಿಲೀವರ್ ಬಂದಿಲ್ಲ ಅಂತಾಳೆ. ಯಾರದು, ನಿಮ್ಮನೆ ಡ್ರೈವರ್ರಾ?"

ಡ್ರೈವರಂತೆ! ಒಳಗೆ ಧಾವಿಸಿದೆ.

"ಏಳು ಪುಟ್ಟಾ, ಮಿಸ್ ಕೂತ್ಕೋತಾರೆ."

"ಮಿಸ್‌ದು ಫಸ್ಟ್ ಶಿಫ್ಟ್ ಆಯ್ತಲ್ಲ ಅಜ್ಜಿ. ಡಬಲ್ ಡ್ಯೂಟಿ ಮಾಡಬಾರ್ದು ಅಂತ ನೀನೇ ಹೇಳಿದ್ದೆ."

"ನಾನು ಹೇಳ್ತಿದೀನಿ, ಏಳು!"

"ರಿಲೀವರ್ ಬರ್ಲಿ."

ರಿಲೀವರ್ ಮಹಾಶಯರು ಹೊರಗೆ ಆಟೋದಲ್ಲಿ ಗೊರಕೆ ಹೊಡೆಯುತ್ತಿದ್ದರು. ಬೇರೆ ದಾರಿಯಿಲ್ಲದೆ ನಾನೇ "ಚಾರ್ಜ್ ತಗೊಂಡೆ" ಎಂದೆ.

"ಮತ್ತೆ ಕೂತ್ಕೋ."

ಅವಳು ಎದ್ದಳು. ನಾನು ಕುಳಿತೆ. ಅವಳು ಬ್ಯಾಗ್ ಹಾಕಿಕೊಂಡು ಅಜ್ಜನ ಬಳಿಗೆ ಓಡಿದಳು. ನಾನೂ ಎದ್ದೆ. ಕುರ್ಚಿಯೂ ಎದ್ದಿತು!

ಅಷ್ಟು ಪುಟ್ಟ ಪ್ಲಾಸ್ಟಿಕ್ ಕುರ್ಚಿಗೆ ಎರಡೂ ಕಡೆ ತೋಳು ಇಟ್ಟ ಪುಣ್ಯಾತ್ಮ ಯಾರು? ಮಕ್ಕಳೇನು ಅದರಲ್ಲಿ ಒರಗಿ ಪೇಪರ್ ಓದುತ್ತವೆಯೇ? ಮಿಸ್ ಮುಂದಿನಿಂದ ನನ್ನನ್ನು ಎಳೆದರು. ಆಯಾ ಹಿಂದಿನಿಂದ ಕುರ್ಚಿಯನ್ನು ಎಳೆದಳು. "ಉಸಿರು ಬಿಗಿ ಹಿಡೀರಿ ಅಜ್ಜಿ, ಬಂತು, ಬಂತು!" ಬರಲಿಲ್ಲ. ನಾನು ಹಾಕಿದ ಕೂಗಿಗೆ ಹೊರಟಿದ್ದ ಅಪ್ಪ ಅಮ್ಮಂದಿರೆಲ್ಲ ಮತ್ತೆ ಕಿಟಕಿಗೆ ಜೋತುಬಿದ್ದರು. ಈ ಸಲ ಬೈ ಬೈ ನನಗೆ! ಕೊನೆಗೆ ಕೊಬ್ಬರಿ ಎಣ್ಣೆ ಸವರಿ ನನ್ನನ್ನು ಬಿಡುಗಡೆ ಮಾಡಲಾಯಿತು.

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ತುಂಬಾ ಅತ್ಲಾ?"

"ನಾನಲ್ಲಮ್ಮ," ಎಂದಳು ಚಾರ್ವಿ. "ಅಜ್ಜಿ ಅತ್ತಿದ್ದು!"

ಸೊಸೆಯ ಕೆಲಸ ಉಳಿಯಿತು. ನನ್ನದು ಹೋಯಿತು. "ನಾಳೆಯಿಂದ ನಾನೇ ಕರ್ಕೊಂಡ್ ಹೋಗ್ತೀನಿ ಬಿಡು ಮಾರಾಯ್ತಿ" ಎಂದರು ಯಜಮಾನರು, ನಗು ತಡೆದುಕೊಂಡು. ನಾನು ಚಾರ್ವಿಯ ಬೂಟಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಒಪ್ಪವಾಗಿ ಜೋಡಿಸಿಟ್ಟೆ. ಚಾರ್ವಿ ಬಂದು ಬಗ್ಗಿ ನೋಡಿದಳು. ಎಡದ್ದನ್ನು ಬಲಕ್ಕೆ ಇಟ್ಟಿದ್ದೆನಂತೆ. ಸರಿಪಡಿಸಿ, ನನ್ನ ಬೆನ್ನು ತಟ್ಟಿ, ಮಲಗಲು ಹೋದಳು.