ತಿಪ್ಪೇರುದ್ರಪ್ಪ ಮೇಷ್ಟ್ರ ಉಪಮಾಲಂಕಾರ

ಎಲ್ಲ ಶುರುವಾಗಿದ್ದು ರಂಜಿತಾಳ ನೋಟ್ ಪುಸ್ತಕದ ಎರಡು ಸಾಲಿನಿಂದ.

ಬೆಳಗ್ಗೆ ಪ್ರಾರ್ಥನೆ ಮುಗಿಸಿ ತಿಪ್ಪೇರುದ್ರಪ್ಪ ಮೇಷ್ಟ್ರು ಐದನೇ ತರಗತಿಯ ಪುಸ್ತಕಗಳನ್ನು ತಿದ್ದಲು ಕೂತಿದ್ದರು. ಇಪ್ಪತ್ತೊಂದು ವರ್ಷದ ಅಭ್ಯಾಸಬಲ. ಓದುವ ಮೊದಲೇ ಅವರ ಕೆಂಪು ಪೆನ್ನು ರೈಟ್ ಹಾಕಿ, 'ಉತ್ತಮ' ಎಂದು ಬರೆದು, ಕೆಳಗೆ ಸಹಿಯನ್ನೂ ಎಳೆದುಬಿಟ್ಟಿತ್ತು. ಆಮೇಲೆ ಓದಿದರು.

'ಕಾಂಚನಾ ಮಿಸ್ ಮಗ್ಗದ ಮೇಲಿನ ರೇಷ್ಮೆಯ ಹಾಗೆ. ತಿಪ್ಪೇರುದ್ರಪ್ಪ ಮೇಷ್ಟ್ರು ಮಗ್ಗದ ಕೆಳಗಿನ ಗುಂಡಿಯ ಹಾಗೆ.'

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಗುಂಡಿ ಗುಂಡಿಯಾಗಿಯೇ ಇತ್ತು.

"ರಂಜಿತಾ, ಬಾ ಇಲ್ಲಿ. ಏನಮ್ಮಾ ಇದು?"

"ಉಪಮೆ ಸಾ."

"ಅದು ಗೊತ್ತಾಯ್ತು. ನಾನ್ಯಾಕೆ ಗುಂಡಿ?"

"ನಮ್ಮನೇಲಿ ಗುಂಡಿ ಮಗ್ಗ ಐತಲ್ಲ ಸಾ. ಗುಂಡಿ ಇಲ್ದಿದ್ರೆ ನಮ್ಮಪ್ಪ ಕಾಲು ಎಲ್ಲಿ ಇಳಿಬಿಡಬೇಕು?"

ಹುಡುಗಿ ಬಹಳ ಪ್ರೀತಿಯಿಂದಲೇ ಹೇಳಿದ್ದಳು. ಆದರೂ ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದು ಯಾರೋ ಕಾಲು ಇಳಿಬಿಡುವುದಕ್ಕೆ ಎಂದು ತಿಳಿದರೆ ಯಾವ ಮೇಷ್ಟ್ರಿಗೆ ಸಂತೋಷವಾಗುತ್ತದೆ?

"ಇದನ್ನ ಯಾರು ಹೇಳ್ಕೊಟ್ರು?"

"ಕಾಂಚನಾ ಮಿಸ್ಸು. ನೀವು ಹೋದ ವಾರ ರಜ ಹಾಕಿದ್ರಲ್ಲ, ಅವತ್ತು ನಮ್ ಕ್ಲಾಸಿಗೆ ಬಂದಿದ್ರು. ಕಣ್ಣಿಗೆ ಕಂಡಿದ್ದನ್ನೇ ಹೋಲಿಸಿ ಅಂದ್ರು. ಭಾಳ ಚೆನ್ನಾಗಿತ್ತು ಸಾ. ಮತ್ತೆ ಯಾವಾಗ ರಜ ಹಾಕ್ತೀರಾ?"

ಬಿ.ಜಿ. ಕೆರೆಯಿಂದ ನಾಲ್ಕು ಮೈಲಿ ಒಳಗಿರುವ ಕರೆಗುಂಡ್ಲಹಳ್ಳಿಯ ಶಾಲೆಗೆ ಕಾಂಚನಾ ಬಂದು ಎಂಟು ತಿಂಗಳಾಗಿತ್ತು. ಮೊಳಕಾಲ್ಮುರಿನ ನೇಕಾರರ ಮನೆ ಹುಡುಗಿ. ಮನೆಯಲ್ಲಿ ತೆಲುಗು. ಮೇಷ್ಟ್ರಿಗೆ ತಡೆಯಲಾಗದೆ ಇದ್ದದ್ದೇ ಅದು. ಮನೆಯಲ್ಲಿ ತೆಲುಗು ಮಾತಾಡುವವಳು ಬಂದು ಕನ್ನಡದ ಅಲಂಕಾರ ಹೇಳಿಕೊಡುವುದು, ಮಕ್ಕಳು ಅವಳ ಹಿಂದೆ ಬೆಲ್ಲ ಕಂಡ ಇರುವೆಗಳ ಹಾಗೆ ಸಾಲುಗಟ್ಟುವುದು! ಇವರು ಎರಡು ದಶಕದಿಂದ ಬೋರ್ಡಿನ ಮೇಲೆ ಅದೇ ವಾಕ್ಯ ಬರೆಯುತ್ತಿದ್ದರು: 'ಅವಳ ಮುಖವು ಕಮಲದಂತೆ ಅರಳಿತು.' ಮುಖ ಉಪಮೇಯ, ಕಮಲ ಉಪಮಾನ, ಅಂತೆ ಉಪಮಾವಾಚಕ, ಅರಳುವುದು ಸಮಾನಧರ್ಮ. 'ಅವಳ ಮುಖವೇ ಕಮಲ' ಎಂದರೆ ರೂಪಕ. ಕಳ್ಳಿ, ಜಾಲಿ, ಬಂಡೆ ಬಿಟ್ಟರೆ ಬೇರೇನೂ ಕಾಣದ ಊರಿನಲ್ಲಿ ಯಾವ ಮಗುವೂ ಇದುವರೆಗೆ ಕಮಲ ಎಲ್ಲಿದೆ ಎಂದು ಕೇಳಿರಲಿಲ್ಲ. ಅದನ್ನೇ ಅವರು ಶಿಸ್ತು ಎಂದುಕೊಂಡಿದ್ದರು.

ಅವತ್ತು ಸಂಜೆ ನಾಲ್ಕಕ್ಕೆ ತಾಲ್ಲೂಕು ಶಿಕ್ಷಣ ಕಚೇರಿಯಿಂದ ನಾಗಭೂಷಣ ಸಾಹೇಬರು ಬರುವವರಿದ್ದರು. ಉಪಮೆ, ರೂಪಕಗಳ ಪಾಠ ಕಣ್ಣಾರೆ ನೋಡಿ, ಚೆನ್ನಾಗಿ ಮಾಡಿದವರನ್ನು ಚಳ್ಳಕೆರೆಯ ಶಿಕ್ಷಕರ ಸಮಾವೇಶಕ್ಕೆ ಆರಿಸುವವರು. ಅಲ್ಲಿ ಶಾಲು, ಹಾರ, ವೇದಿಕೆ. ಪಾಠ ಕಾಂಚನಾಳದ್ದೇ ಎಂದು ಹೆಡ್ಮಾಸ್ಟರ್ ಸೋಮಶೇಖರಪ್ಪ ತೀರ್ಮಾನಿಸಿದ್ದರು. ಬೆಳಗ್ಗೆ ಮೊಳಕಾಲ್ಮುರಿನಲ್ಲಿ ತರಬೇತಿಯಿದೆ, ಮೂರರ ಬಸ್ಸಿಗೆ ವಾಪಸ್ ಬರುತ್ತೇನೆ ಎಂದು ಹೇಳಿ ಆಕೆ ಹೋಗಿದ್ದಳು.

ಹನ್ನೆರಡೂವರೆಗೆ ಹೆಡ್ಮಾಸ್ಟರ ಫೋನು ಬಡಿದುಕೊಂಡಿತು. ಮಾತು ಮುಗಿಸಿದವರ ಮುಖ ನೆನೆಸಿಟ್ಟ ಅವಲಕ್ಕಿಯಂತಾಗಿತ್ತು.

"ಮೇಷ್ಟ್ರೇ, ಸಾಹೇಬ್ರು ನಾಲ್ಕಕ್ಕಲ್ವಂತೆ, ಎರಡಕ್ಕೇ ಬರ್ತಾರಂತೆ! ಪೋಷಕರ ಸಭೇನೂ ಎರಡಕ್ಕೇ ಐತೆ. ಮೇಡಂ ಇಲ್ಲ. ಏನ್ ಮಾಡಾನ?"

ತಿಪ್ಪೇರುದ್ರಪ್ಪನವರ ಎದೆಯಲ್ಲಿ ಏನೋ ಅರಳಿತು. ಅದು ಕಮಲವೇ ಇರಬೇಕು.

"ನಾನಿಲ್ವೇನ್ರಿ?"

"ನೀವಾ?" ಎಂದರು ಹೆಡ್ಮಾಸ್ಟರು. ಆ ಎರಡು ಅಕ್ಷರ ಮೇಷ್ಟ್ರ ಹಟವನ್ನು ಇನ್ನಷ್ಟು ಗಟ್ಟಿ ಮಾಡಿತು.

ಕಾಂಚನಾಳ ಗುಟ್ಟು ಅವರಿಗೆ ಈಗ ತಿಳಿದಿತ್ತು. ಕಂಡಿದ್ದನ್ನು ಹೋಲಿಸುವುದು, ಅಷ್ಟೇ ತಾನೇ? ಆಕೆ ಮಕ್ಕಳಿಗೆ ಕುರಿ, ಕಲ್ಲು, ಮಗ್ಗ ತೋರಿಸಿದ್ದಳು. ತಾವು ಅವಳನ್ನು ಮೀರಿಸಬೇಕು. ಊಟಕ್ಕೆ ಬಿಡುವ ಮೊದಲು ಐದನೇ ತರಗತಿಗೆ ಹೋಗಿ ಘೋಷಿಸಿದರು.

"ಕುರಿ, ಕಲ್ಲು ಎಲ್ಲಾ ಬೇಡ. ಮನುಷ್ಯರನ್ನ ನೋಡ್ರಿ! ಊಟ ಮಾಡಿ ಊರೊಳಗೆ ಒಂದು ಸುತ್ತು ಹಾಕ್ಕಂಡು ಬರ್ರಿ. ಯಾರು ಯಾವ ಥರ ಕಾಣ್ತಾರೋ ಹಂಗೇ ಬರೀರಿ. ಇದ್ದಿದ್ದು ಇದ್ದಂಗೆ."

"ಇದ್ದಿದ್ದು ಇದ್ದಂಗೇನಾ ಸಾ?" ಎಂದು ಹೇಮಂತ್ ಎದ್ದು ನಿಂತು ಕೇಳಿದ. ಅವನ ಕಣ್ಣಲ್ಲಿದ್ದ ಹೊಳಪನ್ನು ನೋಡಿದ್ದರೆ ಬೇರೆ ಯಾರಾದರೂ ಮಾತು ವಾಪಸ್ ತೆಗೆದುಕೊಳ್ಳುತ್ತಿದ್ದರು.

"ಇದ್ದಂಗೇ ಕಣಲೇ. ಹೆದರಬ್ಯಾಡ್ರಿ. ನಾನಿದೀನಿ."

ಎರಡು ಗಂಟೆಗೆ ನಾಗಭೂಷಣ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ನಗು ಎಂಬುದು ಸಂಬಳದ ಜೊತೆಗೆ ಬರುವುದಿಲ್ಲ ಎಂದು ತಿಳಿದವರಂಥ ಮುಖ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ನೋಟ್ ಪುಸ್ತಕ ತೆರೆದರು. ಕೋಣೆಯ ಹಿಂದೆ ಪೋಷಕರು ಚಾಪೆ ತುಂಬ ಕೂತರು. ಶಾಲಾ ಸಮಿತಿ ಅಧ್ಯಕ್ಷ ಪಾತಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆಯೇ ಒಂದು ಕುರ್ಚಿ ಎಳೆದು ಕೂತ. ಬಿಸಿಯೂಟದ ಚಿನ್ನಕ್ಕ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಒರಗಿ ನಿಂತಳು.

ಮೇಷ್ಟ್ರು ಬೋರ್ಡಿನ ಮೇಲೆ 'ಉಪಮೆ' ಎಂದು ಬರೆದು ಕೈ ಝಾಡಿಸಿದರು.

"ಚೌಡೇಶ್, ನಿಂದು ಹೇಳಪ್ಪ."

ಚೌಡೇಶ ಗಂಟಲು ಸರಿ ಮಾಡಿಕೊಂಡು ಓದಿದ. "ನಮ್ಮ ತಾತನ ಗೊರಕೆ ಬೋರ್ ಕೊರೆಯೋ ಲಾರಿ ಹಂಗೆ. ಎಷ್ಟು ಕೊರೆದ್ರೂ ನೀರು ಬರಲ್ಲ."

ಪೋಷಕರು ಹೋ ಎಂದು ನಕ್ಕರು. ಗೋಡೆಗೊರಗಿ ಕೂತ ತಾತ ಆಗಲೇ ಕೊರೆಯತೊಡಗಿದ್ದರಿಂದ ಉದಾಹರಣೆ ಎಲ್ಲರಿಗೂ ಚೆನ್ನಾಗಿ ಮನದಟ್ಟಾಯಿತು. ಮೇಷ್ಟ್ರು ಹಿಗ್ಗಿ ಹೋದರು. ಕಾಂಚನಾ ಈಗ ಇರಬೇಕಿತ್ತು, ನೋಡಬೇಕಿತ್ತು!

"ಭೇಷ್! ಇನ್ನೊಬ್ರು?"

ಒಬ್ಬ ಪುಟ್ಟ ಹುಡುಗಿ ಎದ್ದಳು. "ಚಿನ್ನಕ್ಕನ ಸಾಂಬಾರು ಬೇಸಿಗೇಲಿ ನಮ್ಮೂರ ಕೆರೆ ಹಂಗೆ. ತಳ ಕಾಣ್ತೈತೆ."

ನಗು ಅರ್ಧಕ್ಕೆ ನಿಂತಿತು. ಬಾಗಿಲಲ್ಲಿ ಚಿನ್ನಕ್ಕ ನೆಟ್ಟಗಾದಳು.

"ಯಾವಳೇ ಅದು? ನಾಳೆ ಬಾರೇ ತಟ್ಟೆ ಹಿಡ್ಕಂಡು, ತಳ ತೋರಿಸ್ತೀನಿ!"

"ಇರ್ಲಿ ಚಿನ್ನಕ್ಕ, ಮಕ್ಕಳು," ಎಂದು ಮೇಷ್ಟ್ರು ಅವಸರದಲ್ಲಿ ಬೋರ್ಡಿನ ಕಡೆ ತಿರುಗಿ 'ರೂಪಕ' ಎಂದು ಬರೆದರು. ಇದು ಕಷ್ಟದ್ದು, ಇದರಲ್ಲಿ ಯಾರನ್ನೂ ಬೈಯಲಾಗುವುದಿಲ್ಲ ಎಂಬ ಧೈರ್ಯ. "ಹಂಗೆ, ಥರ ಅನ್ನಂಗಿಲ್ಲ. ಅದೇ ಇದು ಅನ್ಬೇಕು. ಹೇಮಂತ್?"

ಹೇಮಂತ್ ಎದ್ದ. ನೇರವಾಗಿ ಮುಂದಿನ ಕುರ್ಚಿಯನ್ನು ನೋಡಿದ.

"ಪಾತಣ್ಣ ಮಾವ ಒಂದು ಫ್ಲೆಕ್ಸು. ಊರಲ್ಲಿ ಏನೇ ನಡೀಲಿ ಮುಂದೆ ನಿಂತಿರ್ತೈತೆ. ಹಿಂದೆ ಹೋಗಿ ನೋಡಿದ್ರೆ ಬರೀ ಕಟ್ಟಿಗೆ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಫಕ್ಕನೆ ನಕ್ಕಳು. ಪಾತಣ್ಣ ಎದ್ದು ನಿಂತ ರಭಸಕ್ಕೆ ಕುರ್ಚಿ ಮಗುಚಿಬಿತ್ತು.

"ಯಾವನಲೇ ಇದನ್ನ ಹೇಳ್ಕೊಟ್ಟಿದ್ದು? ಈ ಶಾಲೆಗೆ ನಲ್ಲಿ ಹಾಕ್ಸಿದ್ದು ಯಾರು? ಕಾಂಪೌಂಡ್ ಹಾಕ್ಸಿದ್ದು ಯಾರು? ನಾನು ಕಟ್ಟಿಗೇನಾ?"

ಮೇಷ್ಟ್ರು ಸಾಹೇಬರ ಕಡೆ ನೋಡಿದರು. ಸಾಹೇಬರು ಬಾಯಿಗೆ ಕರ್ಚೀಫು ಒತ್ತಿ ಹಿಡಿದಿದ್ದರು. ಭುಜ ನಡುಗುತ್ತಿತ್ತು, ಕಣ್ಣು ಕೆಂಪಾಗಿತ್ತು, ಇನ್ನೊಂದು ಕೈ ಬಿಡದೆ ಏನೋ ಬರೆಯುತ್ತಿತ್ತು. ಅದು ಮೆಮೊ ಎಂಬುದರಲ್ಲಿ ಮೇಷ್ಟ್ರಿಗೆ ಅನುಮಾನ ಉಳಿಯಲಿಲ್ಲ. ಅಷ್ಟು ಸಿಟ್ಟು ಬಂದ ಅಧಿಕಾರಿಯನ್ನು ಅವರು ಕಂಡಿರಲಿಲ್ಲ.

ಆ ಗಾಬರಿಯಲ್ಲಿಯೂ ಅವರ ಹೊಟ್ಟೆಕಿಚ್ಚು ಮಾತ್ರ ತಲೆ ಕೆಡಿಸಿಕೊಳ್ಳದೆ ಕೆಲಸ ಮಾಡಿತು.

"ನಂದಲ್ಲ ಪಾತಣ್ಣ! ದೇವ್ರಾಣೆ ನಂದಲ್ಲ! ಇದೆಲ್ಲಾ ಕಾಂಚನಾ ಮೇಡಂ ಪದ್ಧತಿ. ಅವರೇ ಹೇಳ್ಕೊಟ್ಟಿದ್ದು. ನಂದು ಬರೀ ಕಮಲ!"

"ಬರ್ದು ಕೊಡ್ರಿ ಮತ್ತೆ."

"ಏನು?"

"ಬರ್ದು ಸಹಿ ಮಾಡಿ ಕೊಡ್ರಿ ಸಾಹೇಬ್ರಿಗೆ. ನಾಳೆ ನಾನು ಮೇಲಿನೋರಿಗೆ ದೂರು ಕೊಡ್ತೀನಿ. ಆಗ ಇಲ್ಲ ಅನ್ನಬಾರದು ನೀವು."

ಮೇಷ್ಟ್ರು ಹಾಳೆ ಹರಿದರು. ಇಷ್ಟು ಮುತ್ತಿನಂಥ ಅಕ್ಷರ ಅವರ ಕೈಯಿಂದ ಯಾವತ್ತೂ ಬಂದಿರಲಿಲ್ಲ. 'ಈ ದಿನ ಮಕ್ಕಳು ಹೇಳಿದ ಎಲ್ಲ ಉಪಮೆ ಮತ್ತು ರೂಪಕಗಳು ಸಂಪೂರ್ಣವಾಗಿ ಶ್ರೀಮತಿ ಕಾಂಚನಾ ಅವರ ಬೋಧನೆಯ ಫಲವಾಗಿರುತ್ತವೆ. ಇದರಲ್ಲಿ ನನ್ನ ಪಾತ್ರ ಕಿಂಚಿತ್ತೂ ಇರುವುದಿಲ್ಲವೆಂದು ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ.' ಸಹಿ ಹಾಕಿ, ದಿನಾಂಕ ಹಾಕಿ, ಹೆಡ್ಮಾಸ್ಟರಿಂದ ಸೀಲೂ ಹೊಡೆಸಿ ಸಾಹೇಬರ ಕೈಗಿಟ್ಟರು. ಎಂಟು ತಿಂಗಳ ಭಾರ ಇಳಿದ ಹಾಗಾಯಿತು. ಶಾಲು, ಹಾರ ತಮಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗಂತೂ ಸಿಗುವುದಿಲ್ಲ.

ಅಷ್ಟರಲ್ಲಿ ಮೂರರ ಬಸ್ಸಿಳಿದು ಓಡೋಡಿ ಬಂದ ಕಾಂಚನಾ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ಮಗುಚಿದ ಕುರ್ಚಿ, ಪಾತಣ್ಣನ ಮುಖ, ಚಿನ್ನಕ್ಕನ ಕೈಯಲ್ಲಿದ್ದ ಸೌಟು ನೋಡಿ "ಏಮೈಂದಿ?" ಎಂದು ಬಾಯಿತಪ್ಪಿ ಕೇಳಿ, ತಕ್ಷಣ "ಏನಾಯ್ತು ಸಾರ್?" ಎಂದು ತಿದ್ದಿಕೊಂಡಳು.

ಸಾಹೇಬರು ಹಾಳೆ ಓದಿದರು. ಎರಡು ಸಲ ಓದಿದರು. ಕರ್ಚೀಫು ತೆಗೆದರು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕು, ಕಣ್ಣೊರೆಸಿಕೊಂಡು, ಎದ್ದು ನಿಂತರು.

"ಹಿಂದೆ ನೋಡಿದ್ರೆ ಬರೀ ಕಟ್ಟಿಗೆ! ಹದಿನಾರು ವರ್ಷದಿಂದ ಶಾಲೆ ನೋಡ್ತಿದೀನಿ. ಎಲ್ಲಾ ಕಡೆ ಅದೇ ಚಂದ್ರ, ಅದೇ ಕಮಲ. ಮಕ್ಕಳು ಸ್ವಂತ ಕಣ್ಣಿಂದ ನೋಡಿ ಬರೆದಿದ್ದನ್ನ ಇವತ್ತೇ ಕಂಡಿದ್ದು. ಕಾಂಚನಾ ಮೇಡಂ, ಸಮಾವೇಶಕ್ಕೆ ನೀವೇ!"

"ಅಯ್ಯೋ, ನಾನಲ್ಲ ಸಾರ್," ಎಂದಳು ಕಾಂಚನಾ ಗಾಬರಿಯಾಗಿ. "ನಾನು ಬೆಳಗ್ಗೆಯಿಂದ ಇಲ್ಲೇ ಇಲ್ಲ. ಮನುಷ್ಯರ ಮೇಲೆ ಬರೀರಿ ಅಂತ ನಾನು ಹೇಳಿಲ್ಲ. ಇದು ಮೇಷ್ಟ್ರೇ ಮಾಡ್ಸಿರೋದು."

"ಹೌದು ಸಾ, ನಾನೇ!" ಎಂದು ತಿಪ್ಪೇರುದ್ರಪ್ಪ ಕೂಗಿಕೊಂಡರು. "ನಾನೇ ಸಾ! ಬೇಕಾದ್ರೆ ಮಕ್ಕಳನ್ನ ಕೇಳ್ರಿ!"

ಸಾಹೇಬರು ಹಾಳೆಯನ್ನು ಮೇಲೆತ್ತಿ ಹಿಡಿದರು. ಸೀಲಿನ ಶಾಯಿ ಇನ್ನೂ ಒಣಗಿರಲಿಲ್ಲ.

"ನೋಡ್ರಿ, ಆಕೆ ನಾಚಿಕೆ ಪಟ್ಕೊಂಡು ಒಪ್ತಿಲ್ಲ ಅಂತ ನೀವೀಗ ಆಕೆ ಮಾತು ಉಳಿಸೋಕೆ ಹೊರಟಿದೀರಿ. ದೇವ್ರಾಣೆ ಮಾಡಿದ್ರಲ್ಲ ಮೇಷ್ಟ್ರೇ, ನೂರು ಜನದ ಮುಂದೆ! ಜೊತೆ ಕೆಲಸ ಮಾಡೋರ ಹಿರಿಮೆಯನ್ನ ಬರೆದು, ಸಹಿ ಹಾಕಿ, ಸೀಲು ಹೊಡೆಸಿ ಕೊಟ್ಟ ಶಿಕ್ಷಕರನ್ನ ನಾನು ಈ ತಾಲ್ಲೂಕಲ್ಲೇ ನೋಡಿಲ್ಲ."

"ಸಾಹೇಬ್ರೇ, ನನ್ನ ಮರ್ಯಾದೆ?" ಎಂದ ಪಾತಣ್ಣ.

"ನಿಮ್ಮ ರೂಪಕವನ್ನ ಚಳ್ಳಕೆರೆ ವೇದಿಕೇಲಿ ಓದಿಸ್ತೀನಿ ಪಾತಣ್ಣ. ಮಕ್ಕಳ ಮಾತನ್ನ ಸಹಿಸಿದ ಅಧ್ಯಕ್ಷರು ಅಂತ ನಿಮ್ಮ ಹೆಸರು ಸಮೇತ."

ಬಿದ್ದ ಕುರ್ಚಿಯನ್ನು ಪಾತಣ್ಣ ತಾನೇ ಎತ್ತಿ ನಿಲ್ಲಿಸಿದ.

"ಫೋಟೋನೂ ಇರ್ತೈತಾ ಸಾ?"

ಸಭೆ ಚಪ್ಪಾಳೆಯೊಂದಿಗೆ ಮುಗಿಯಿತು. ಜೀಪು ಹತ್ತುವ ಮುಂಚೆ ಸಾಹೇಬರು ತಿಪ್ಪೇರುದ್ರಪ್ಪನವರ ಹೆಗಲ ಮೇಲೆ ಕೈ ಇಟ್ಟರು.

"ಸನ್ಮಾನದ ದಿನ ಮೇಡಂ ಬಗ್ಗೆ ಅಭಿನಂದನಾ ಭಾಷಣ ನಿಮ್ಮದೇ. ಅಷ್ಟು ದೊಡ್ಡ ಮನಸ್ಸು ಇನ್ಯಾರಿಗಿದೆ? ಹತ್ತು ನಿಮಿಷ ಮಾತಾಡ್ರಿ. ಎಲ್ಲಾ ಹೊಸ ಉಪಮೆ ಇರ್ಬೇಕು. ಕಮಲ ಗಿಮಲ ತಂದ್ರೆ ಮಾತ್ರ ನಿಜವಾಗ್ಲೂ ಮೆಮೊ ಕೊಡ್ತೀನಿ."

ಜೀಪು ಧೂಳೆಬ್ಬಿಸಿ ಹೋಯಿತು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮೇಷ್ಟ್ರು ಖಾಲಿ ತರಗತಿಯಲ್ಲಿ ಹಾಳೆ ಹಿಡಿದು ಕೂತರು. 'ಕಾಂಚನಾ ಮೇಡಂ' ಎಂದು ಬರೆದರು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು, ಮುಂದೊಂದು ಅಕ್ಷರ ಬರಲಿಲ್ಲ. ಹೊರಗೆ ಕಾಂಚನಾ ಬ್ಯಾಗು ಹೆಗಲಿಗೇರಿಸಿ ಐದರ ಬಸ್ಸಿಗೆ ಹೊರಟಿದ್ದಳು. ಮೇಷ್ಟ್ರು ಕಿಟಕಿಗೆ ಬಂದು, ಆಚೀಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಆದಷ್ಟು ಮೆಲ್ಲಗೆ ಕರೆದರು.

"ಮೇಡಂ, ಬಸ್ಸಿಗೆ ಇನ್ನೂ ಟೈಮೈತೆ. ಒಂದೈದು ನಿಮಿಷ ಬರ್ತೀರಾ? ನಿಮ್ಮನ್ನ ಹೊಗಳಬೇಕಾಗೈತೆ. ಹೆಂಗೆ ಅಂತ ಸ್ವಲ್ಪ ಹೇಳ್ಕೊಡ್ರಿ."