ಸೋಮವಾರ ಮ್ಯೂಸಿಯಂ ಬಂದ್

ನೋಡಿದ ಊರನ್ನು ವರ್ಣಿಸುವುದಕ್ಕಿಂತ ನೋಡದ ಊರನ್ನು ವರ್ಣಿಸುವುದು ಸುಲಭ. ನೋಡಿ ಬಂದವನಿಗೆ ಬಸ್ಸಿನಲ್ಲಿ ವಾಂತಿಯಾದದ್ದು, ಹೋಟೆಲಿನಲ್ಲಿ ಬಿಸಿನೀರು ಬಾರದ್ದು, ಗುಡಿಯ ಮುಂದೆ ಚಪ್ಪಲಿ ಕಳೆದದ್ದು ಎಲ್ಲವೂ ನೆನಪಾಗಿ ಮಾತಿಗೆ ಅಡ್ಡಗಾಲು ಹಾಕುತ್ತವೆ. ನೋಡದವನಿಗೆ ಆ ತಾಪತ್ರಯವಿಲ್ಲ. ನನ್ನನ್ನೇ ತೆಗೆದುಕೊಳ್ಳಿ. ಹಿಮಾಚಲದ ಚಂಬಾ ಎಂಬ ಹಳೆಯ ಬೆಟ್ಟದೂರಿನ ವಿಷಯದಲ್ಲಿ, ಹೈದರಾಬಾದಿನ ತಾರ್ನಾಕದಲ್ಲಿರುವ ನಮ್ಮ ಕನ್ನಡ ಮನೆಗಳಿಗೆಲ್ಲ ನಾನೇ ಪಂಡಿತ. ಅಲ್ಲಿಯ ಕಲ್ಲಿನ ಗುಡಿಗಳು, ಊರ ನಡುವೆ ಹುಲ್ಲು ಹಾಸಿದ ಚೌಗಾನ್ ಎಂಬ ಬಯಲು, ಕೆಳಗೆ ಹರಿಯುವ ರಾವಿ ನದಿ, ಮ್ಯೂಸಿಯಮ್ಮಿನಲ್ಲಿರುವ ಅಂಗೈಯಗಲದ ಚಿತ್ರಗಳು, ಎರಡೂ ಬದಿಗೆ ಒಂದೇ ಥರ ಕಾಣುವಂತೆ ಕಸೂತಿ ಹಾಕಿದ ರುಮಾಲುಗಳು, ಯಾವುದನ್ನು ಕೇಳಿದರೂ ಥಟ್ಟನೆ ಹೇಳುತ್ತೇನೆ. ಮ್ಯೂಸಿಯಂ ಸೋಮವಾರ ಬಂದ್ ಇರುತ್ತದೆ ಎಂಬುದೂ ನನಗೆ ಗೊತ್ತು. ಚಂಬಾಕ್ಕೆ ಹೋಗಿಲ್ಲ, ಅಷ್ಟೇ.

ಇದೆಲ್ಲ ಶುರುವಾದದ್ದು ಇಲ್ಲಿಯ ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ. ಭಾನುವಾರ ಅಂಗಡಿಗಳು ಮುಚ್ಚಿರುವಾಗ ಅವುಗಳ ಮುಂದೆ ಹಳೆ ಪುಸ್ತಕ ಹರವಿಕೊಂಡು ಕೂರುತ್ತಾರೆ. ನನ್ನಂಥ ಲಗ್ನವಾಗದವನಿಗೆ ಭಾನುವಾರ ಕಳೆಯಲು ಅದು ಹೇಳಿ ಮಾಡಿಸಿದ ಜಾಗ. ಎಷ್ಟು ಹೊತ್ತು ನಿಂತರೂ, ಮನೆಯಲ್ಲಿ ಯಾರೂ ಕಾಯುತ್ತಿಲ್ಲವೇ ಎಂದು ಕೇಳುವವರಿಲ್ಲ. ಅಲ್ಲಿ ಸಿಕ್ಕಿತು, ಬೆನ್ನು ಹರಿದ, ಚಂಬಾದ ಒಂದು ಪ್ರವಾಸಿ ಕೈಪಿಡಿ. ಮನೆಗೆ ತಂದು ಓದಿದೆ. ಓದಿ ಸುಮ್ಮನಿರಬಹುದಿತ್ತು. ಆದರೆ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವನು, ಕೈ ಕಡಿಯಿತು. ಊರಿನ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದು, ಉತ್ತರ ದಿಕ್ಕಿನ ಬಾಣ ಹಾಕಿ, ಬಲಗಡೆಯ ಮೂಲೆಯಲ್ಲಿ ಚೌಕ ಕಟ್ಟಿ ಸಹಿ ಮಾಡಿದೆ.

ನಾನಿದ್ದದ್ದು ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿಯ ಶಿಸ್ತೇ ಬೇರೆ. ಒಂದು ತಿರುಪಿನ ನಕ್ಷೆ, ಒಂದು ಮುಚ್ಚಳದ ನಕ್ಷೆ, ಹೀಗೆ ಬಿಡಿಬಿಡಿಯಾಗಿ ನನ್ನ ಮೇಜಿಗೆ ಬರುತ್ತಿದ್ದವು. ಅವು ಯಾವ ಯಂತ್ರಕ್ಕೆ ಹೋಗುತ್ತವೆ ಎಂದು ಕೇಳುವಂತಿರಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದ ಆ ನೋಟ ಇನ್ನೂ ನೆನಪಿದೆ. ಅಂದಿನಿಂದ ನೋಡದ್ದನ್ನು ಬರೆಯುವುದು, ಬರೆದದ್ದನ್ನು ಕೊಟ್ಟುಬಿಡುವುದು, ಏನನ್ನೂ ಕೇಳದಿರುವುದು ನನ್ನ ಮೈಗೆ ಹತ್ತಿಬಿಟ್ಟಿತು.

ಒಬ್ಬನೇ ಹೋಗಿ ಬರಬಹುದಿತ್ತಲ್ಲ ಎನ್ನುತ್ತೀರಿ. ಒಬ್ಬನೇ ಊರು ನೋಡುವ ಸುಖವನ್ನು ಇಲ್ಲೇ ಗೋಲ್ಕೊಂಡ ಕೋಟೆಯಲ್ಲಿ ಅನುಭವಿಸಿದ್ದೇನೆ. ಅಲ್ಲಿ ಬಾಗಿಲ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯವರೆಗೂ ಕೇಳಿಸುತ್ತದೆ. ನಾನೂ ತಟ್ಟಿದೆ. ತಟ್ಟಿದ ಮೇಲೆ ಹೊಳೆಯಿತು, ಮೇಲೆ ನಿಂತು ಕೇಳಿಸಿಕೊಳ್ಳಲು ನನ್ನವರು ಯಾರೂ ಇಲ್ಲ. ಸರಿ, ಏದುಸಿರು ಬಿಡುತ್ತ ತುದಿಗೆ ಹತ್ತಿದರೆ ಕೆಳಗೆ ತಟ್ಟುವವರು ಇಲ್ಲ. ಪಕ್ಕದಲ್ಲಿ ನಿಂತಿದ್ದ ಸಂಸಾರದವರಿಗೆ ಅವರ ಅಜ್ಜಿಯ ಚಪ್ಪಾಳೆ ಕೇಳಿಸಿತು. ಅವರೊಂದಿಗೆ ನಾನೂ ಪುಕ್ಕಟೆ ಕೇಳಿಸಿಕೊಂಡೆ. ಇನ್ನು ಹಿಮಾಲಯದ ಮುಂದೆ ಒಬ್ಬನೇ ನಿಂತು ‘ಆಹಾ, ಎಷ್ಟು ಚೆಂದ!’ ಎಂದು ಯಾರಿಗೆ ಹೇಳಲಿ? ಅದಕ್ಕೇ ಯಾರಾದರೂ ‘ನೀವೂ ಬರ್ರಿ’ ಎನ್ನಲಿ ಎಂದು ಕಾದೆ.

ಕಾಯುವುದಕ್ಕೂ ಒಂದು ಉಪಾಯ ಬೇಕಲ್ಲ. ಬೇಸಿಗೆ ರಜೆ ಬಂತೆಂದರೆ ಪ್ರವಾಸದ ಮಾತೆತ್ತಿದವರಿಗೆಲ್ಲ ಚಹಾ ಕೊಟ್ಟು, ಚಂಬಾದ ನಕ್ಷೆ ಹಾಸಿ, ಬಾಯಲ್ಲಿ ನೀರೂರುವಂತೆ ವರ್ಣಿಸುತ್ತಿದ್ದೆ. ಅವರು ನಕ್ಷೆ ಮಡಚಿ ಚೀಲದಲ್ಲಿಟ್ಟುಕೊಂಡು ‘ಭಾಳ ಉಪಕಾರ ಆತ್ರಿ’ ಎಂದು ಹೋಗಿಬಿಡುತ್ತಿದ್ದರು. ಬಂದ ಮೇಲೆ ‘ಇಲ್ಲಿ ಈಗ ಹೊಸ ಸೇತುವೆ ಆಗೇತ್ರಿ’ ಎಂದರೆ ಅದನ್ನೂ ತಿದ್ದುತ್ತಿದ್ದೆ. ಹೀಗಾಗಿ ವರ್ಷದಿಂದ ವರ್ಷಕ್ಕೆ ನಾನು ಹೋಗದೆಯೇ ನನ್ನ ನಕ್ಷೆ ಪಕ್ಕಾ ಆಗುತ್ತ ಬಂತು. ‘ನೀವು ಎಷ್ಟು ಸಲ ಹೋಗೀರಿ?’ ಎಂದು ಒಬ್ಬರು ಮೊದಲ ಬಾರಿ ಕೇಳಿದಾಗ ನನ್ನ ಬಾಯಲ್ಲಿ ಚುರುಮುರಿ ಇತ್ತು. ಸುಮ್ಮನೆ ನಕ್ಕೆ. ಚುರುಮುರಿ ನುಂಗಿದ ಮೇಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಪಂಡಿತನೆನಿಸಿಕೊಳ್ಳುವುದು ಯಾರಿಗೆ ಬೇಡ?

ಹೋದ ವರ್ಷ ಎದುರುಮನೆಯ ದೇಸಾಯರು ಹೊರಟರು. ಅವರು ವಿಜಯಪುರದ ಕಡೆಯವರು, ಬೇಗಂ ಬಜಾರಿನಲ್ಲಿ ಕಿರಾಣಿ ಹೋಲ್‌ಸೇಲ್ ಅಂಗಡಿ. ಅವರ ಹೆಂಡತಿ ಶಾರದಾ ವೈನಿ ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲು ನನ್ನ ಮನೆಗೆ ಡಬ್ಬಿ ಬರುತ್ತದೆ. ನಕ್ಷೆ ನೋಡುತ್ತ ದೇಸಾಯರು ತಲೆ ಕೆರೆದುಕೊಂಡರು. “ಪಠಾಣಕೋಟ ಸ್ಟೇಶನ್ದಿಂದ ಡ್ರೈವರ್ನ ಬಿಟ್ಟು ಏಳು ಸೀಟಿನ ಗಾಡಿ ಹೇಳೀವ್ರಿ ವಸಂತಣ್ಣಾರ. ಮನಿಯವರು ಆರ ಮಂದಿ. ಒಂದು ಸೀಟ ಖಾಲಿ ಉಳಿತೈತಿ, ಯಾರ್ನ ಕರ್ಕೊಂಡು ಹೋಗೂದೋ ತಿಳೀವಲ್ತು.” ಅವರ ಎದುರಿಗೇ ಕೂತಿದ್ದೇನೆ, ಮಾರಾಯರೇ! ಆದರೂ ಬಾಯಿಂದ ಬಂದದ್ದು ಬೇರೆ: “ಮ್ಯೂಸಿಯಂ ಸೋಮವಾರ ಬಂದ್ ಇರ್ತದ, ನೆನಪಿಡ್ರಿ.”

ಕರೆದೇ ಕರೆಯುತ್ತಾರೆ ಎಂಬ ಧೈರ್ಯದ ಮೇಲೆ ಮರುದಿನ ನಾನೂ ಬೇಗಂ ಬಜಾರಿಗೆ ಹೋಗಿ ಚಳಿಗೆ ಒಂದು ಮಂಕಿ ಟೋಪಿ ಕೇಳಿದೆ. “ಸಿಂಗಲ್ ಪೀಸ್ ನೈ ಮಿಲ್ತಾ ಸಾಬ್, ಡಜನ್ ಲೇಲೋ” ಎಂದ ವ್ಯಾಪಾರಿ. ಒಂಟಿ ಟೋಪಿ ಅವನು ಮಾರುವವನಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಡಜನ್ ಉಣ್ಣೆಯ ಟೋಪಿ ಹೊತ್ತು ಸಿಟಿ ಬಸ್ಸಿನಲ್ಲಿ ಬಂದೆ. ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಒಂದನ್ನು ತೊಟ್ಟು ಕನ್ನಡಿ ನೋಡಿದೆ. ಬೆವರು ಧಾರಾಕಾರ. ಆದರೂ ಆ ದಿನ ನನಗೆ ಭಾಳ ಸಂತೋಷವಾಗಿತ್ತು.

ಹೊರಡುವ ಹಿಂದಿನ ದಿನ ತಿಳಿಯಿತು, ಆ ಸೀಟು ದೇಸಾಯರ ಷಡ್ಡಕನಿಗೆ ಹೋಗಿತ್ತು. ನಾನು ಏಳು ಟೋಪಿ ಒಯ್ದು ಕೊಟ್ಟೆ. “ಎಷ್ಟು ಕಾಳಜಿರೀ ನಿಮಗ!” ಎಂದರು ವೈನಿ. ನಗುತ್ತ ಟಾಟಾ ಮಾಡಿ ಮನೆಗೆ ಬಂದು, ಅಡುಗೆ ಮಾಡಲು ಮನಸ್ಸಾಗದೆ ಅವಲಕ್ಕಿ ತಿಂದು ಮಲಗಿದೆ.

ಹನ್ನೆರಡು ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಫೋನು ಹಿಡಿದು ಫೋಟೋ ತೋರಿಸಲು ಬಂದರು. ಚೌಗಾನ್ ಬಯಲಿನಲ್ಲಿ ಏಳೂ ಜನ ಸಾಲಾಗಿ ನಿಂತಿದ್ದರು. ನನ್ನ ಟೋಪಿಗಳೆಲ್ಲ ಚಂಬಾ ನೋಡಿ ಬಂದಿದ್ದವು. “ನಿಮ್ಮ ನಕ್ಷೆ ಒಂದ ಒಂದು ಕಡೆ ತಪ್ಪಿಲ್ಲ ನೋಡ್ರಿ” ಎಂದರು ದೇಸಾಯರು. “ಖರೇ ಅಂದ್ರ ಆ ಸೀಟಿಗೆ ನಿಮ್ಮನ್ನ ಕರಿಯೂಣು ಅಂತ ಇಕಿ ಹಟ ಹಿಡದಿದ್ಲು. ನಾನ ಬ್ಯಾಡ ಅಂದೆ. ಹತ್ತು ಸಲ ನೋಡಿದ ಊರು, ಪಾಪ, ಅವರಿಗ್ಯಾಕ ಮತ್ತ ತ್ರಾಸು ಅಂತ.”

ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಇಷ್ಟು ವರ್ಷ ಯಾರೂ ಯಾಕೆ ಕರೆಯಲಿಲ್ಲ ಎಂಬುದು ಆಗ ಗೊತ್ತಾಯಿತು. ಅಳು ಬಂದಂತಾಯಿತು. “ವೈನಿ, ನಾ ಚಂಬಾಕ್ಕ ಒಮ್ಮೆನೂ ಹೋಗಿಲ್ರಿ” ಎಂದೆ. “ನಿಮ್ಮ ಜೋಡಿ ಬರಬೇಕಂತ ಭಾಳ ಆಸೆ ಇತ್ತು.”

ಒಂದು ಕ್ಷಣ ಇಬ್ಬರೂ ನನ್ನ ಮುಖ ನೋಡಿದರು. ಆಮೇಲೆ ದೇಸಾಯರು ತೊಡೆ ತಟ್ಟಿಕೊಂಡು ನಕ್ಕರು. “ಏ, ಚ್ಯಾಷ್ಟಿ ಸಾಕ ಮಾಡ್ರಿ! ಹೋಗದ ಇಂಥಾ ನಕ್ಷೆ ತಗ್ಯಾಕ ಬರ್ತೈತೇನು?” ವೈನಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. “ನೀವು ಹಿಂಗ ಮುಖಾ ಮಾಡಿದ್ರ ಯಾರಾದ್ರೂ ನಂಬೂ ಹಂಗದ ನೋಡ್ರಿ. ಅಂದಂಗ, ನಮ್ಮ ಇನ್ನೊಬ್ಬ ತಂಗಿ ಮನಿಯವರೂ ಹೊಂಟಾರ. ಇನ್ನೊಂದು ನಕ್ಷೆ ಬೇಕಿತ್ತು. ಆ ಮ್ಯೂಸಿಯಂ ಯಾವತ್ತು ಬಂದ್ ಇರ್ತದಂತ ಹೇಳಿದ್ರಿ?”

ಗೊತ್ತಿಲ್ಲ ಎಂದಿದ್ದರೆ ಆಗಲಾದರೂ ನಂಬುತ್ತಿದ್ದರೇನೋ.

“ಸೋಮವಾರ” ಎಂದೆ. ಎಂದವನು ಪೆನ್ಸಿಲ್ ಹುಡುಕಲು ಎದ್ದೆ.