ಮುತ್ತುಗದ ಅಸಲಿ ಬಣ್ಣ

ನಿವೃತ್ತಿಯಾಗಿ ಕ್ಯಾಮೆರಾ ಹಿಡಿದಾಗಿನಿಂದ ಬೀದರ ಜಿಲ್ಲೆಯಲ್ಲಿ ನಾನು ತೆಗೆದದ್ದು ಯಾವುದೂ ತನ್ನ ಬಣ್ಣದಲ್ಲಿ ಉಳಿದಿಲ್ಲ. ಕುಂದಾಪುರದಿಂದ ನರ್ಸಾಗಿ ಬಂದವಳು, ಮೈಲೂರಿನಲ್ಲೇ ಮನೆ ಮಾಡಿಕೊಂಡೆ. ಈಗ ಇರುವುದು ಒಂದೇ ಆಸೆ: ನಮ್ಮ ಚರ್ಚಿನ ಕ್ಯಾಲೆಂಡರಿನಲ್ಲಿ ನನ್ನದೊಂದು ಫೋಟೋ ಇದ್ದದ್ದು ಇದ್ದ ಹಾಗೆ ಅಚ್ಚಾಗಬೇಕು.

ಒಂದು

ಮೆಹಕರದಲ್ಲಿ ಕೊಯ್ಲಿಗೆ ಬಂದ ಜೋಳದ ಹೊಲದ ಫೋಟೋ ತೆಗೆದು, ಚಿದ್ರಿಯ ಸ್ಟುಡಿಯೋದವನಿಗೆ ಪ್ರಿಂಟಿಗೆ ಕೊಟ್ಟೆ.

"ಸಿಸ್ಟರಮ್ಮ, ಹೊಲ ಭಾಳ ಸೊರಗ್ಯದರಿ. ಸ್ವಲ್ಪ ಜೀವ ತುಂಬ್ತೇನಿ."

ಬೇಡ ಅನ್ನುವಷ್ಟರಲ್ಲಿ ತುಂಬಿಬಿಟ್ಟಿದ್ದ. ಹಸಿರು ಪ್ರಿಂಟನ್ನು ಹೊಲದ ಯಜಮಾನನಿಗೆ ತೋರಿಸಿದೆ.

"ಕೊಯ್ಯೋ ಜೋಳ ಮತ್ತ ಹಸಿರ ಮಾಡೀರಲ್ರಿ. ನಾ ಇನ್ನೆರಡು ತಿಂಗಳು ಹಕ್ಕಿ ಓಡಸ್ಬೇಕೇನ್ರಿ?"

ಎರಡು

ಮರುವರ್ಷ ಔರಾದ ಕಡೆಯ ಹುಲ್ಲುಗಾವಲಿನಲ್ಲಿ ಬೆಳಗಿನಿಂದ ಕಾದು ಇಲ್ಲಿನವರು ಚಿಗರಿ ಅನ್ನುವ ಕೃಷ್ಣಮೃಗವೊಂದರ ಫೋಟೋ ತೆಗೆದೆ. ಪ್ರಿಂಟಿನಲ್ಲಿ ಅದರ ಬಿಳಿ ಹೊಟ್ಟೆ ನೀಲಿಯಾಗಿತ್ತು.

"ಆಕಾಶಕ್ಕ ನೀಲಿ ಕೊಟ್ಟಿದ್ದೆನ್ರಿ, ಚಿಗರಿಗೂ ಹತ್ತೇದ" ಎಂದ ಸ್ಟುಡಿಯೋದವನು.

"ಇದಕ್ಕೆ ಮೊದಲು ಆಕ್ಸಿಜನ್ ಕೊಡಪ್ಪ" ಎಂದೆ.

ಅವನು ಕಂಪ್ಯೂಟರಿನ ಕಡೆ ತಿರುಗಿದ. "ಅದು ಯಾವ ಬಟನ್‌ನಾಗ ಅದರಿ?"

ಮೂರು

ಆಮೇಲೆ ಚರ್ಚಿನ ಕ್ಯಾಲೆಂಡರ್ ಕಮಿಟಿಯ ಮುಂದೆ ನಿಂತು, ಬಣ್ಣ ಏರಿಸಿದ ಫೋಟೋ ತೆಗೆದುಕೊಳ್ಳಬಾರದು ಎಂದು ನಿಯಮ ಮಾಡಿಸಿದೆ. ಹೋಳಿಯ ಹೊತ್ತಿಗೆ ಭಾಲ್ಕಿ ರಸ್ತೆಯಲ್ಲಿ ಒಂದು ಮುತ್ತುಗದ ಗಿಡ ಸಿಕ್ಕಿತು. ಒಂದೂ ಎಲೆಯಿಲ್ಲ, ಮೈತುಂಬ ಕೆಂಡದಂಥ ಹೂವು. ಸ್ಟುಡಿಯೋದವನ ಪಕ್ಕದಲ್ಲೇ ಕುಳಿತು, ಅವನ ಕೈ ತಡೆದು ಪ್ರಿಂಟ್ ಹಾಕಿಸಿದೆ. ನವೆಂಬರಿನಲ್ಲಿ ಕಮಿಟಿಗೆ ಕೊಟ್ಟೆ.

ಕಮಿಟಿಯ ಹಿರಿಯರು ಕನ್ನಡಕ ಏರಿಸಿದರು. "ನಿಯಮ ಮಾಡ್ಸಿದವರೇ ಮುರಿದ್ರ ಹ್ಯಾಂಗರಿ, ಸಿಸ್ಟರಮ್ಮ? ಮುತ್ತುಗ ನಾವೂ ನೋಡೀವಿ. ಇಷ್ಟು ಕೆಂಪು ಎಲ್ಲಿ ಇರ್ತದ?"

"ಗಿಡ ಅಲ್ಲೇ ಇದೆ, ಬಂದು ನೋಡಿ!" ಎಂದೆ ಸಿಟ್ಟಿನಲ್ಲಿ.

ಅವರು ನಿಜವಾಗಿಯೂ ಬಂದರು. ಭಾನುವಾರ ಆರಾಧನೆ ಮುಗಿಸಿ ನಾಲ್ವರು ಕಾರಿನಲ್ಲಿ ಹೊರಟರು, ದಾರಿ ತೋರಿಸಲು ನಾನು. ಗಿಡದ ತುಂಬ ಹಸಿರು ಎಲೆ. ಹಿರಿಯರು ಗಿಡ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು.

"ಹೂವು ಹೋಳಿಗೆ ಬರ್ತವೆ" ಎಂದೆ.

"ಕ್ಯಾಲೆಂಡರ್ ನಾಳಿಗಿ ಪ್ರೆಸ್ಸಿಗೆ ಹೋಗ್ತದರಿ. ನಾಕು ಮಂದಿ ಕಣ್ಣಿಲೆ ಕಂಡದ್ದೇ ಹಾಕೋಣು."

ನನಗೆ ಹೇಳದೆಯೇ ಫೋಟೋ ಅದೇ ಸ್ಟುಡಿಯೋದವನ ಕೈಗೆ ಹೋಯಿತು. ಅವನು ಬಣ್ಣ ಇಳಿಸಿ, ಒಂದೊಂದು ಹೂವನ್ನೂ ತಾಳ್ಮೆಯಿಂದ ಎಲೆ ಮಾಡಿದ.

ಈಗ ನಮ್ಮ ಚರ್ಚಿನವರ ಮನೆಮನೆಯ ಗೋಡೆಯ ಮೇಲೆ, ಮಾರ್ಚ್ ತಿಂಗಳ ಪುಟದಲ್ಲಿ ಹಚ್ಚಹಸಿರು ಗಿಡವೊಂದು ನಿಂತಿದೆ. ಅದರ ಕೆಳಗೆ ನನ್ನ ಹೆಸರು. ಹೆಸರಿನ ಕೆಳಗೆ, ನಾನೇ ಬರೆದುಕೊಟ್ಟಿದ್ದ ಸಾಲು: "ಮುತ್ತುಗ ಹೂ ಬಿಟ್ಟಾಗ ಒಂದೆಲೆಯೂ ಇರುವುದಿಲ್ಲ."